ತಮಿಳು ಚಲಚ್ಚಿತ್ರಗಳಲ್ಲಿ ಸಂಕಲನೋಪಕರಣಗಳ ಇತಿಹಾಸ

೧. ಪೀಠಿಕೆ

ಚಲಚ್ಚಿತ್ರದ ತುಣುಕುಗಳನ್ನು ಆಯ್ದು, ಕತ್ತರಿಸಿ, ಕ್ರಮಗೊಳಿಸಿ ಜೋಡಿಸುವ ಕಾರ್ಯಕ್ಕೆ ಕನ್ನಡದಲ್ಲಿ ಸಂಕಲನವೆಂದೂ ತಮಿಳಿನಲ್ಲಿ ಪಡತ್ತೊಗುಪ್ಪು ಎಂದೂ ಹೆಸರುಂಟು. ತೊಗುಪ್ಪು ಎಂಬ ನಾಮಪದವು ಕೂಡಿಸು, ಒಂದೆಡೆ ಸೇರಿಸು ಎಂಬ ಅರ್ಥವುಳ್ಳ ತೊಗು ಧಾತುವಿನಿಂದ ಬಂದುದು. ಸಂಘಸಾಹಿತ್ಯದ ಎಂಟು ಪದ್ಯಸಂಗ್ರಹಗಳಿಗೆ ಎಟ್ಟುತ್ತೊಗೈ ಎಂಬ ಹೆಸರು ಸಂದಿರುವುದೂ ಇದೇ ಧಾತುವಿನಿಂದ. ಹೀಗೆ ಬಹು ಶತಮಾನಗಳ ಅಂತರವಿರುವ ಎರಡು ವ್ಯಾಪಾರಗಳನ್ನು ತಮಿಳು ಭಾಷೆಯು ಒಂದೇ ಮಾತಿನಿಂದ ಕರೆಯುತ್ತಿದೆ. ಕನ್ನಡದ ಸಂಕಲನಶಬ್ದವೂ ಕವನಗಳ ಸಂಗ್ರಹಕ್ಕೂ ಚಿತ್ರದ ಜೋಡಣೆಗೂ ಸಮಾನವಾಗಿ ಸಲ್ಲುತ್ತದೆ. ಈ ನಾಮಸಾಮ್ಯವನ್ನು ಆಕಸ್ಮಿಕವೆಂದು ತಳ್ಳಿಬಿಡಲಾಗದು. ಎರಡೆಡೆಯಲ್ಲಿಯೂ ಒಬ್ಬನು ಬಹಳವಾಗಿರುವುದರಿಂದ ಕೆಲವನ್ನು ಆಯುತ್ತಾನೆ, ಉಳಿದುದನ್ನು ಬಿಡುತ್ತಾನೆ, ಆಯ್ದುದಕ್ಕೆ ಒಂದು ಪೌರ್ವಾಪರ್ಯವನ್ನು ಕಲ್ಪಿಸುತ್ತಾನೆ.

ಆದರೆ ಒಂದು ಭೇದವನ್ನು ಗಮನಿಸತಕ್ಕದ್ದಿದೆ. ಗ್ರಂಥಸಂಪಾದಕನು ಕೈಬಿಟ್ಟ ಪಾಠವು ಅಡಿಟಿಪ್ಪಣಿಯಲ್ಲಾಗಲಿ ಮೂಲದ ಓಲೆಯಲ್ಲಾಗಲಿ ಉಳಿದಿರುತ್ತದೆ. ಮತ್ತೊಬ್ಬ ವಿದ್ವಾಂಸನು ಅದನ್ನು ತೆಗೆದು ನೋಡಿ ಹಿಂದಿನವನ ನಿರ್ಣಯವನ್ನು ಪರೀಕ್ಷಿಸಬಹುದು. ಚಿತ್ರಸಂಕಲನಕಾರನು ಕೈಬಿಟ್ಟ ತುಣುಕು ಏನಾಗುತ್ತದೆ? ಅವನ ನಿರ್ಣಯವನ್ನು ಪರೀಕ್ಷಿಸಲು ನಮಗೆ ಸಾಧನವುಂಟೆ? ಈ ಪ್ರಶ್ನೆಗೆ ಉತ್ತರವು ಆಯಾ ಕಾಲದ ಉಪಕರಣವನ್ನು ಅವಲಂಬಿಸಿದೆ. ಕತ್ತರಿಯಿಂದ ಕಂಪ್ಯೂಟರಿನವರೆಗೆ ತಮಿಳು ಚಿತ್ರೋದ್ಯಮವು ಉಪಕರಣವನ್ನು ಬದಲಾಯಿಸಿದಾಗಲೆಲ್ಲ ಎರಡು ವಿಷಯಗಳು ಒಟ್ಟಿಗೆ ಬದಲಾಗಿರುವುದು ಕಂಡುಬರುತ್ತದೆ. ಮೊದಲನೆಯದು, ಕಣ್ಣಿಗೆ ಕಾಣುವ ಬಿಂಬಕ್ಕೂ ಕಿವಿಗೆ ಕೇಳುವ ಧ್ವನಿಗೂ ಇರುವ ಸಂಬಂಧ. ಎರಡನೆಯದು, ಒಮ್ಮೆ ಮಾಡಿದ ಛೇದವನ್ನು ಹಿಂದೆಗೆದುಕೊಳ್ಳುವ ಸ್ವಾತಂತ್ರ್ಯ. ಇವೆರಡನ್ನು ಅನುಸರಿಸಿ ಈ ಇತಿಹಾಸವನ್ನು ನಿರೂಪಿಸುವುದು ಪ್ರಕೃತ ಪ್ರಬಂಧದ ಉದ್ದೇಶ.

ಯಂತ್ರಗಳ ವಿಚಾರಕ್ಕೂ ಸಾಹಿತ್ಯಾಭ್ಯಾಸಿಗಳಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ತಾಳೆಯೋಲೆಯ ಅಗಲವನ್ನೂ ಕಂಠದ ಮೊನೆಯನ್ನೂ ಅರಿಯದೆ ಲಿಪಿಯ ಚರಿತ್ರೆಯನ್ನು ಬರೆಯಲಾಗದೆಂಬುದು ವಿದ್ವಾಂಸರಿಗೆ ಗೊತ್ತಿದ್ದದ್ದೇ. ಚಲಚ್ಚಿತ್ರವನ್ನು ವಿಶ್ವವಿದ್ಯಾನಿಲಯಗಳಲ್ಲಿ ಸಾಹಿತ್ಯದೊಡನೆ ಬೋಧಿಸುತ್ತಿರುವ ಈ ಕಾಲದಲ್ಲಿ ಅದರ ಓಲೆಯನ್ನೂ ಕಂಠವನ್ನೂ ತಿಳಿಯುವುದು ಅಧ್ಯಾಪಕರಿಗೆ ಅವಶ್ಯಕವೇ ಆಗಿದೆ.

೨. ಮೂಕಚಿತ್ರಗಳ ಕಾಲ

ದಕ್ಷಿಣದೇಶದ ಪ್ರಥಮ ಕಥಾಚಿತ್ರವೆಂದು ಪ್ರಸಿದ್ಧವಾಗಿರುವುದು ಆರ್. ನಟರಾಜ ಮುದಲಿಯಾರರು ಮದರಾಸಿನಲ್ಲಿ ನಿರ್ಮಿಸಿದ ಕೀಚಕವಧಂ. ಅದರ ಕಾಲವನ್ನು ೧೯೧೬ರಿಂದ ೧೯೧೮ರವರೆಗೆ ಬೇರೆ ಬೇರೆ ಇತಿಹಾಸಕಾರರು ಬೇರೆ ಬೇರೆಯಾಗಿ ಹೇಳುತ್ತಾರೆ. ಮೋಟಾರು ಬಿಡಿಭಾಗಗಳ ವ್ಯಾಪಾರದಲ್ಲಿದ್ದ ಮುದಲಿಯಾರರು ಪುಣೆಯಲ್ಲಿ ಸ್ಟೂವರ್ಟ್ ಸ್ಮಿತ್ ಎಂಬ ಆಂಗ್ಲ ಛಾಯಾಗ್ರಾಹಕನಿಂದ ಕ್ಯಾಮೆರಾದ ವಿದ್ಯೆಯನ್ನು ಕಲಿತು ಬಂದು ಈ ಸಾಹಸಕ್ಕೆ ಕೈಹಾಕಿದರು. ಚಿತ್ರೀಕರಣವು ಮದರಾಸಿನಲ್ಲಿ ನಡೆದರೂ ಫಿಲ್ಮನ್ನು ತೊಳೆಯುವ ಪ್ರಯೋಗಶಾಲೆಯನ್ನು ಅವರು ಬೆಂಗಳೂರಿನಲ್ಲಿ ಏರ್ಪಡಿಸಿದ್ದರು. ಆ ಊರಿನ ತಂಪಾದ ಹವೆಯು ರಾಸಾಯನಿಕ ಕ್ರಿಯೆಗೆ ಅನುಕೂಲವೆಂಬುದೇ ಅದಕ್ಕೆ ಕಾರಣ. ತಮಿಳುನಾಡಿನ ಚಲಚ್ಚಿತ್ರದ ಮೊದಲ ನೆಗೆಟಿವ್ ನಮ್ಮ ಬೆಂಗಳೂರಿನ ನೀರಿನಲ್ಲಿ ಮಿಂದಿತೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

ಆ ಚಿತ್ರದ ಉದ್ದ ೬,೦೦೦ ಅಡಿ ಎಂದು ತಿಳಿದುಬಂದಿದೆ. ೩೫ ಮಿಲಿಮೀಟರ್ ಅಗಲದ ಫಿಲ್ಮಿನಲ್ಲಿ ಒಂದು ಅಡಿಗೆ ೧೬ ಬಿಡಿಚಿತ್ರಗಳು, ಎಂದರೆ ಫ್ರೇಮುಗಳು, ಇರುತ್ತವೆ. ಆ ಕಾಲದಲ್ಲಿ ಕ್ಯಾಮೆರಾದ ಹಿಡಿಯನ್ನು ಕೈಯಿಂದ ತಿರುಗಿಸಿ ಸೆಕೆಂಡಿಗೆ ಸುಮಾರು ೧೬ ಫ್ರೇಮುಗಳಂತೆ ಚಿತ್ರವನ್ನು ಹಿಡಿಯುತ್ತಿದ್ದರು. ಹೀಗೆ ಗಣಿಸಿದರೆ ಸೆಕೆಂಡಿಗೆ ಒಂದು ಅಡಿಯಾಗುತ್ತದೆ. ಸಮಗ್ರ ಚಿತ್ರವು ೧೦೦ ನಿಮಿಷಗಳದ್ದಾಗುತ್ತದೆ. ಅಳತೆಯ ಈ ಸುಲಭತೆಯು ಸಂಕಲನಕಾರನಿಗೆ ಒಂದು ಸೌಕರ್ಯವಾಗಿತ್ತು. ಕಾಲವನ್ನು ಅವನು ಮೊಳದ ಹಾಗೆ ತೋಳಿನಲ್ಲಿಯೇ ಅಳೆಯಬಹುದಾಗಿತ್ತು.

ಮೂಕಚಿತ್ರದ ಸಂಕಲನಕ್ಕೆ ಬೇಕಾದ ಸಾಮಗ್ರಿ ಅತ್ಯಲ್ಪ: ಒಂದು ಕತ್ತರಿ, ಎರಡು ಸುರುಳಿಗಳ ನಡುವೆ ಫಿಲ್ಮನ್ನು ಹಿಂದುಮುಂದೆ ಸುತ್ತುವ ರಾಟೆ, ಅಂಟುದ್ರಾವಣ, ಒಂದು ದೀಪ. ಫಿಲ್ಮನ್ನು ಬೆಳಕಿಗೆ ಹಿಡಿದು ಕಣ್ಣಿನಿಂದ ನೋಡಿ, ಎಲ್ಲಿ ಕತ್ತರಿಸಬೇಕೆಂಬುದನ್ನು ನಿರ್ಣಯಿಸುತ್ತಿದ್ದರು. ಚಲನೆಯನ್ನು ಕಾಣಲು ಪ್ರೊಜೆಕ್ಟರಿಗೆ ಏರಿಸಲೇಬೇಕು. ಕೈಯಲ್ಲಿ ಹಿಡಿದಾಗ ಕಾಣುವುದು ನಿಶ್ಚಲವಾದ ಬಿಂಬಪಂಕ್ತಿ ಮಾತ್ರ. ಆದುದರಿಂದ ಛೇದದ ವೇಗವನ್ನು ಮನಸ್ಸಿನಲ್ಲಿಯೇ ಊಹಿಸಿಕೊಳ್ಳಬೇಕಾಗಿತ್ತು.

ಮಾತಿಲ್ಲದ ಚಿತ್ರದಲ್ಲಿ ಕಥೆಯ ಕೊಂಡಿಯನ್ನು ಬರೆಹದ ಫಲಕಗಳು ಹೊರುತ್ತಿದ್ದವು. ಕೀಚಕವಧಂ ಚಿತ್ರದಲ್ಲಿ ಇಂಗ್ಲಿಷ್, ತಮಿಳು, ಹಿಂದಿ ಮೂರು ಭಾಷೆಗಳ ಫಲಕಗಳಿದ್ದವು. ಧನಂಜಯನು ದಶರೂಪಕದಲ್ಲಿ ವಿಷ್ಕಂಭ, ಚೂಲಿಕೆ, ಅಂಕಾಸ್ಯ, ಅಂಕಾವತಾರ, ಪ್ರವೇಶಕ ಎಂಬ ಐದು ಅರ್ಥೋಪಕ್ಷೇಪಕಗಳನ್ನು ಹೇಳಿದ್ದಾನೆ. ರಂಗದ ಮೇಲೆ ತೋರಿಸದೆ ಬಿಟ್ಟ ಕಥಾಭಾಗವನ್ನು ಸೂಚಿಸಿ ಅಂಕಗಳನ್ನು ಬೆಸೆಯುವುದು ಅವುಗಳ ಪ್ರಯೋಜನ. ಮೂಕಚಿತ್ರದ ಫಲಕವು ಇದೇ ಪ್ರಯೋಜನವುಳ್ಳದ್ದು. ಫಲಕವು ಭಾಷೆಯ ಕೆಲಸವನ್ನೆಲ್ಲ ವಹಿಸಿಕೊಂಡುದರಿಂದ ಬಿಂಬವು ಸ್ವತಂತ್ರವಾಗಿತ್ತು. ಅದನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದಾಗಿತ್ತು.

ಈ ಕಾಲದ ಸಂಕಲನವು ಹೇಗಿತ್ತೆಂಬುದಕ್ಕೆ ಪ್ರತ್ಯಕ್ಷಪ್ರಮಾಣವು ಅತಿ ವಿರಳ. ಕೀಚಕವಧಂ ಉಳಿದಿಲ್ಲ. ದಕ್ಷಿಣದ ಮೂಕಚಿತ್ರಗಳಲ್ಲಿ ಇಂದು ನೋಡಲು ಸಿಕ್ಕುವುದು ನಾಗರಕೋಯಿಲಿನ ಸುಂದರರಾಜರು ನಿರ್ಮಿಸಿ ಪಿ. ವಿ. ರಾವ್ ನಿರ್ದೇಶಿಸಿದ, ೧೯೩೩ನೆಯ ಇಸವಿಯ ಮಾರ್ತಾಂಡವರ್ಮ. ಅದು ಪುಣೆಯಲ್ಲಿ ೧೯೬೪ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯದಲ್ಲಿ ರಕ್ಷಿತವಾಗಿದೆ.

೩. ವಾಕ್ಚಿತ್ರದ ಬಂಧನ

೧೯೩೧ನೆಯ ಅಕ್ಟೋಬರ್ ೩೧ರಂದು ಎಚ್. ಎಂ. ರೆಡ್ಡಿಯವರ ಕಾಳಿದಾಸ್ ತೆರೆಕಂಡಿತು. ಪ್ರಥಮ ತಮಿಳು ವಾಕ್ಚಿತ್ರವೆಂದು ಪ್ರಸಿದ್ಧವಾದ ಇದು ಮುಂಬಯಿಯಲ್ಲಿ ತಯಾರಾದುದು. ನಾಯಿಕೆ ಟಿ. ಪಿ. ರಾಜಲಕ್ಷ್ಮಿಯವರು ತಮಿಳಿನಲ್ಲಿಯೂ ಇತರ ಪಾತ್ರಗಳು ತೆಲುಗು ಮುಂತಾದ ಭಾಷೆಗಳಲ್ಲಿಯೂ ಮಾತನಾಡಿದ ವಿಚಿತ್ರ ಮಿಶ್ರಣವದು. ಮದರಾಸಿನಲ್ಲಿಯೇ ಧ್ವನಿಗ್ರಹಣದ ಸ್ಟುಡಿಯೋ ದೊರೆತುದು ೧೯೩೪ರಲ್ಲಿ, ಎ. ನಾರಾಯಣನ್ ಅವರ ಶ್ರೀನಿವಾಸ ಸಿನಿಟೋನ್ ಆ ವರ್ಷ ಆರಂಭವಾಯಿತು. ಅಲ್ಲಿಯವರೆಗೆ ತಮಿಳು ಚಿತ್ರಗಳು ಮುಂಬಯಿ, ಪುಣೆ, ಕಲ್ಕತ್ತೆಗಳಿಗೆ ಹೋಗಿ ಮಾತು ಕಲಿತು ಬರಬೇಕಾಗಿತ್ತು.

ಧ್ವನಿಯು ಬಂದೊಡನೆ ಕತ್ತರಿಯ ಸ್ವಾತಂತ್ರ್ಯಕ್ಕೆ ಕುಂದುಂಟಾಯಿತು. ಫಿಲ್ಮಿನ ವೇಗವು ಸೆಕೆಂಡಿಗೆ ೨೪ ಫ್ರೇಮುಗಳೆಂದು ಸ್ಥಿರವಾಯಿತು. ಎಂದರೆ ನಿಮಿಷಕ್ಕೆ ೯೦ ಅಡಿ. ಪ್ರದರ್ಶನದ ಪ್ರತಿಯಲ್ಲಿ ಧ್ವನಿಯು ಬಿಂಬದ ಪಕ್ಕದಲ್ಲಿ ಒಂದು ಕಿರಿದಾದ ಪಟ್ಟಿಯಾಗಿ ಅಚ್ಚಾಗಿರುತ್ತದೆ. ಆದರೆ ಒಂದು ಬಿಂಬದ ಧ್ವನಿಯು ಅದರ ನೇರದಲ್ಲಿಯೇ ಇರುವುದಿಲ್ಲ. ಸುಮಾರು ೨೦ ಫ್ರೇಮುಗಳಷ್ಟು ಮುಂದಿರುತ್ತದೆ. ಪ್ರೊಜೆಕ್ಟರಿನಲ್ಲಿ ಬಿಂಬವು ತಡೆತಡೆದು ಚಲಿಸಬೇಕು, ಧ್ವನಿಯು ಸಮವಾಗಿ ಹರಿಯಬೇಕು. ಅದಕ್ಕಾಗಿ ಎರಡನ್ನೂ ಬೇರೆ ಬೇರೆ ಸ್ಥಾನಗಳಲ್ಲಿ ಓದಬೇಕಾದುದರಿಂದ ಈ ವ್ಯವಸ್ಥೆ. ಇಂಥ ಪ್ರತಿಯನ್ನು ಬಿಂಬವನ್ನು ನೋಡಿ ಕತ್ತರಿಸಿದರೆ ಮಾತು ಮುರಿಯುತ್ತದೆ, ಮಾತನ್ನು ಕೇಳಿ ಕತ್ತರಿಸಿದರೆ ಬಿಂಬವು ಮುರಿಯುತ್ತದೆ. ಆದುದರಿಂದ ಸಂಕಲನದ ಕಾಲದಲ್ಲಿ ಬಿಂಬದ ಸುರುಳಿಯನ್ನೂ ಧ್ವನಿಯ ಸುರುಳಿಯನ್ನೂ ಪ್ರತ್ಯೇಕವಾಗಿಟ್ಟು ಜೊತೆಯಾಗಿ ನಡೆಸುವುದು ಅನಿವಾರ್ಯವಾಯಿತು. ಧ್ವನಿಯ ಪಟ್ಟಿಯಲ್ಲಿ ಜೋಡಣೆಯಾದೆಡೆ ಠಪ್ಪೆಂಬ ಸದ್ದು ಕೇಳಬಾರದೆಂದು ಸಂಧಿಯ ಮೇಲೆ ಕಪ್ಪುಮಸಿಯಿಂದ ಒಂದು ಸಣ್ಣ ತ್ರಿಕೋಣವನ್ನು ಬಳಿಯುತ್ತಿದ್ದರು. ವ್ಯಾಕರಣದಲ್ಲಿ ಸಂಧಿಕಾರ್ಯವು ಉಚ್ಚಾರಣೆಯ ಕ್ಲೇಶವನ್ನು ನೀಗುವಂತೆ ಇಲ್ಲಿ ಮಸಿಯು ಶ್ರವಣದ ಕ್ಲೇಶವನ್ನು ನೀಗಿತು.

ಈ ನಿರ್ಬಂಧಕ್ಕೆ ತಮಿಳು ಚಿತ್ರದಲ್ಲಿ ಮತ್ತೊಂದು ಸೇರಿತು. ಆರಂಭದ ವಾಕ್ಚಿತ್ರಗಳು ಬಹುಮಟ್ಟಿಗೆ ಸಂಗೀತನಾಟಕಗಳ ರೂಪಾಂತರಗಳಾಗಿದ್ದುವು; ಒಂದೊಂದರಲ್ಲಿ ಹತ್ತಾರು ಹಾಡುಗಳು. ನಟನೇ ಹಾಡಬೇಕು, ವಾದ್ಯಗಾರರು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕುಳಿತು ನುಡಿಸಬೇಕು, ಚಿತ್ರವೂ ಧ್ವನಿಯೂ ಏಕಕಾಲದಲ್ಲಿ ದಾಖಲಾಗಬೇಕು. ಪಲ್ಲವಿಯ ನಡುವೆ ಕ್ಯಾಮೆರಾವನ್ನು ನಿಲ್ಲಿಸಿ ಸ್ಥಾನವನ್ನು ಬದಲಾಯಿಸಿದರೆ ಶ್ರುತಿಯೂ ಲಯವೂ ಹೊಂದದೆ ಹೋಗುವುವು. ಆದುದರಿಂದ ಮೂರು ನಿಮಿಷಗಳ ಹಾಡೆಂದರೆ ೨೭೦ ಅಡಿಗಳ ಅಖಂಡವಾದ ಒಂದೇ ತುಣುಕೆಂಬ ಸ್ಥಿತಿಯೊದಗಿತು. ಅಂದಿನ ಚಿತ್ರಗಳ ಮಂದಗತಿಗೆ ನಿರ್ದೇಶಕರ ಅಜ್ಞಾನವೇ ಕಾರಣವೆಂದು ಹೇಳುವವರುಂಟು. ಉಪಕರಣದ ನಿರ್ಬಂಧವನ್ನು ಅರಿತವರು ಆ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾರರು.

ಬಂಧನವು ಸಡಿಲವಾದುದು ಎರಡು ಬಗೆಯಿಂದ. ಅಮೆರಿಕದ ಎಲ್ಲಿಸ್ ಆರ್. ಡಂಗನ್ ಎಂಬವನು ೧೯೩೫ರಲ್ಲಿ ಭಾರತಕ್ಕೆ ಬಂದು ಸತಿ ಲೀಲಾವತಿ (೧೯೩೬), ಅಂಬಿಕಾಪತಿ (೧೯೩೭), ಶಕುಂತಲೈ (೧೯೪೦), ಮೀರಾ (೧೯೪೫) ಮೊದಲಾದ ತಮಿಳು ಚಿತ್ರಗಳನ್ನು ನಿರ್ದೇಶಿಸಿದನು. ಅವನಿಗೆ ತಮಿಳು ಬರುತ್ತಿರಲಿಲ್ಲ. ಮಾತಿನ ಸೊಗಸನ್ನು ಸವಿಯಲಾರದವನು ದೃಶ್ಯವನ್ನು ದೂರ, ಮಧ್ಯಮ, ಸಮೀಪ ಷಾಟುಗಳಾಗಿ ಒಡೆದು, ಮುಖದ ಭಾವದಿಂದಲೂ ಕ್ಯಾಮೆರಾದ ಕೋನದಿಂದಲೂ ಕಥೆಯನ್ನು ನಡೆಸಿದನು. ಭಾಷೆಯನ್ನರಿಯದವನಿಂದಲೇ ಬಿಂಬಕ್ಕೆ ಪುನಃ ಪ್ರಾಧಾನ್ಯವು ಬಂದಿತೆಂಬುದು ಆಶ್ಚರ್ಯಕರ.

ಎರಡನೆಯದು ನೇಪಥ್ಯಗಾನ. ಎ. ವಿ. ಮೆಯ್ಯಪ್ಪನವರು ೧೯೩೮ರ ನಂದಕುಮಾರ್ ಚಿತ್ರದಲ್ಲಿ ನಟಿಯ ಬಾಯಿಗೆ ಬೇರೊಬ್ಬರ ಗಾನವನ್ನು ಹೊಂದಿಸಿದರು. ಹಾಡನ್ನು ಮೊದಲೇ ಧ್ವನಿಮುದ್ರಿಸಿಕೊಂಡರೆ ಚಿತ್ರೀಕರಣವನ್ನು ಎಷ್ಟು ತುಂಡುಗಳಲ್ಲಿ ಬೇಕಾದರೂ ಮಾಡಬಹುದು. ಧ್ವನಿಯು ಅಖಂಡವಾಗಿರುತ್ತದೆ, ಬಿಂಬವು ಖಂಡಖಂಡವಾಗಿರುತ್ತದೆ. ಅಲ್ಲಿಂದ ಮುಂದೆ ಹಾಡಿನ ಸಂಕಲನಕ್ಕೆ ತಾಳವೇ ಮಾನದಂಡವಾಯಿತು. ಅದೇ ಮೆಯ್ಯಪ್ಪನವರು ಆರ್. ನಾಗೇಂದ್ರರಾಯರು ನಿರ್ದೇಶಿಸಿದ ೧೯೪೩ರ ಕನ್ನಡ ಸತ್ಯ ಹರಿಶ್ಚಂದ್ರ ಚಿತ್ರಕ್ಕೆ ತಮಿಳು ಮಾತುಗಳನ್ನು ಕೂಡಿಸಿ ೧೯೪೪ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ಭಾಷಾಂತರಧ್ವನಿಯನ್ನು ಪಡೆದ ಮೊದಲ ಚಿತ್ರವೆಂದು ಇದನ್ನು ಗಣಿಸುತ್ತಾರೆ. ತೊಲ್ಕಾಪ್ಪಿಯದ ಮರಬಿಯಲ್ ಎಂಬ ಪ್ರಕರಣದಲ್ಲಿ ಮೂಲವನ್ನನುಸರಿಸಿ ಹುಟ್ಟುವ ಕೃತಿಗಳನ್ನು ಸಂಗ್ರಹಿಸಿದುದು, ವಿಸ್ತರಿಸಿದುದು, ಸಂಗ್ರಹವಿಸ್ತಾರಗಳೆರಡನ್ನೂ ಕೂಡಿದುದು, ಭಾಷಾಂತರಿಸಿದುದು ಎಂದು ನಾಲ್ಕಾಗಿ ವಿಂಗಡಿಸಿದೆ. ನಾಲ್ಕನೆಯ ಬಗೆಯು ಕನ್ನಡ ತುಟಿಗಳ ಮೇಲೆ ತಮಿಳು ಅಕ್ಷರಗಳನ್ನು ಕೂರಿಸುವ ರೂಪದಲ್ಲಿ ಹೀಗೆ ಚಲಚ್ಚಿತ್ರಕ್ಕೂ ಬಂದಿತು. ಇದೆಲ್ಲವೂ ಸಾಧ್ಯವಾದುದು ಧ್ವನಿಯನ್ನೂ ಬಿಂಬವನ್ನೂ ಎರಡು ಸುರುಳಿಗಳಾಗಿ ಅಗಲಿಸುವ ವಿದ್ಯೆಯು ಕೈಗೆ ಹತ್ತಿದುದರಿಂದ.

೪. ಮೂವಿಯೋಲಾ

ಎರಡು ಸುರುಳಿಗಳನ್ನು ಜೊತೆಯಾಗಿ ಓಡಿಸುತ್ತ ಸಂಕಲನಕಾರನು ಮೇಜಿನ ಬಳಿಯಲ್ಲಿಯೇ ನೋಡಿ ಕೇಳಲು ನೆರವಾದ ಯಂತ್ರವು ಮೂವಿಯೋಲಾ. ೧೯೨೪ರಲ್ಲಿ ಅಮೆರಿಕದಲ್ಲಿ ಐವನ್ ಸೆರೂರಿಯರ್ ಎಂಬವನು ನಿರ್ಮಿಸಿದ ಇದು ಬಹುಕಾಲ ಮದರಾಸಿನ ಸಂಕಲನಶಾಲೆಗಳ ಮುಖ್ಯ ಯಂತ್ರವಾಗಿತ್ತು. ನೆಟ್ಟಗೆ ನಿಂತ ಈ ಯಂತ್ರದಲ್ಲಿ ಒಂದು ಪಾರ್ಶ್ವದಲ್ಲಿ ಧ್ವನಿಯೂ ಇನ್ನೊಂದರಲ್ಲಿ ಬಿಂಬವೂ ಓಡುತ್ತವೆ. ಅಂಗೈಯಗಲದ ಗಾಜಿನಲ್ಲಿ ಚಿತ್ರವು ಕಾಣುತ್ತದೆ. ಕಾಲಿನಿಂದ ಒತ್ತಿ ವೇಗವನ್ನು ನಿಯಂತ್ರಿಸಬಹುದು. ಸದ್ದು ಹೆಚ್ಚು, ಫಿಲ್ಮನ್ನು ಹರಿಯುವ ಭಯವೂ ಉಂಟು. ಆದರೆ ನಿಂತ ಫ್ರೇಮಿನ ಮೇಲೆ ಮೇಣದ ಪೆನ್ಸಿಲಿನಿಂದ ಗುರುತು ಹಾಕಿ, ಅಲ್ಲಿಯೇ ಬಿಡಿಸಿ ಕತ್ತರಿಸುವ ಸೌಕರ್ಯವಿತ್ತು.

ಕೆಲಸದ ಕ್ರಮವು ಹೀಗೆ. ಕ್ಯಾಮೆರಾದಿಂದ ಬಂದ ನೆಗೆಟಿವನ್ನು ಮುಟ್ಟದೆ ಭದ್ರವಾಗಿಟ್ಟು ಅದರ ಒಂದು ಪ್ರತಿಯನ್ನು ತೆಗೆಯುತ್ತಾರೆ. ಸಂಕಲನಕಾರನ ಕತ್ತರಿಯು ನಡೆಯುವುದು ಆ ಪ್ರತಿಯ ಮೇಲೆ. ಕತ್ತರಿಸಿದ ತುಣುಕುಗಳನ್ನು ಬಟ್ಟೆಯ ಚೀಲ ಕಟ್ಟಿದ ಪೆಟ್ಟಿಗೆಯ ಮೇಲಿನ ಮೊಳೆಗಳಿಗೆ ಸಿಕ್ಕಿಸಿ, ಯಾವುದು ಯಾವ ದೃಶ್ಯದ್ದೆಂಬುದನ್ನು ಸಹಾಯಕನು ಬರೆದಿಡುತ್ತಾನೆ. ಚಿತ್ರವು ಸಮ್ಮತವಾದ ಮೇಲೆ ಫಿಲ್ಮಿನ ಅಂಚಿನಲ್ಲಿ ಅಚ್ಚಾಗಿರುವ ಅಂಕಿಗಳನ್ನು ನೋಡಿಕೊಂಡು ನೆಗೆಟಿವನ್ನು ತದನುಸಾರವಾಗಿ ಕತ್ತರಿಸುತ್ತಾರೆ. ಇದು ಹಿಂದೆಗೆಯಲಾಗದ ಕ್ರಿಯೆ. ಅಂಟುದ್ರಾವಣದಿಂದ ಜೋಡಿಸುವಾಗ ಒಂದರ ಮೇಲೊಂದು ಕೂರಬೇಕಾದುದರಿಂದ ಸಂಧಿಯಲ್ಲಿ ಫ್ರೇಮು ನಷ್ಟವಾಗುತ್ತದೆ. ಒಮ್ಮೆ ಕತ್ತರಿಸಿದೆಡೆಯನ್ನು ಬೇಡವೆಂದು ಪುನಃ ಕೂಡಿಸಿದರೆ ಹೋದ ಫ್ರೇಮು ಬರುವುದಿಲ್ಲ. ಕೆಲಸದ ಪ್ರತಿಯಲ್ಲಾದರೆ ಅದರ ಸ್ಥಾನದಲ್ಲಿ ಕಪ್ಪು ತುಣುಕನ್ನಿಟ್ಟು ಅಳತೆಯನ್ನು ಸರಿದೂಗಿಸಬೇಕು. ಜೊತೆಗೆ, ೧೯೫೦ರ ಸುಮಾರಿನವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಕಿಡಿ ತಗುಲಿದರೆ ಭುಗಿಲ್ಲೆನ್ನುವಂಥದು. ಸಂಕಲನವೆಂಬುದು ಅಕ್ಷರಶಃ ಬೆಂಕಿಯೊಡನೆ ಸರಸವಾಗಿತ್ತು.

ಛೇದವು ಇಷ್ಟು ದುಬಾರಿಯಾದಾಗ ವಿವೇಚನೆಯು ಛೇದಕ್ಕೆ ಮುಂಚೆಯೇ ನಡೆಯಬೇಕಾಗುತ್ತದೆ. ಆ ಕಾಲದ ಗುರುಕುಲವು ಈ ಶಿಸ್ತಿನಿಂದ ಹುಟ್ಟಿತು. ಕೃಷ್ಣನ್-ಪಂಜು ಎಂಬ ನಿರ್ದೇಶಕದ್ವಯರಲ್ಲಿ ಪಂಜು ಸಂಕಲನವಿದ್ಯೆಯಲ್ಲಿ ಪಳಗಿದವರು. ೧೯೫೨ರ ಪರಾಶಕ್ತಿ ಚಿತ್ರವನ್ನು ಪಂಜಾಬಿ ಎಂಬ ಅಂಕಿತದಲ್ಲಿ ತಾವೇ ಸಂಕಲಿಸಿದರು. ಎಂ. ಕರುಣಾನಿಧಿಯವರ ದೀರ್ಘವಾಕ್ಯಗಳೇ ಆ ಚಿತ್ರದ ಬೆನ್ನೆಲುಬು. ನ್ಯಾಯಾಲಯದ ದೃಶ್ಯದಲ್ಲಿ ಶಿವಾಜಿ ಗಣೇಶನ್ ಅವರ ವಾಗ್ಧಾಟಿಯು ಎಡೆಬಿಡದೆ ಹರಿಯುತ್ತದೆ. ವಾಕ್ಯವು ಮುಗಿಯುವ ಮುನ್ನ ಕತ್ತರಿಸಿದರೆ ಮಾತಿನ ಓಜಸ್ಸು ಕೆಡುತ್ತದೆ. ಇಲ್ಲಿ ಛೇದದ ಕಾಲವನ್ನು ನಿಶ್ಚಯಿಸುವುದು ಗದ್ಯದ ಲಯವೇ. ಎ. ಭೀಮಸಿಂಗ್ ಅವರು ಈ ಇಬ್ಬರ ಬಳಿ ಸಹಾಯಕ ಸಂಕಲನಕಾರರಾಗಿದ್ದು ಬಳಿಕ ನಿರ್ದೇಶಕರಾದವರು; ಅವರ ಮಗ ಬಿ. ಲೆನಿನ್ ಮುಂದೆ ತಮಿಳಿನ ಮಾನ್ಯ ಸಂಕಲನಕಾರರಲ್ಲೊಬ್ಬರಾದರು.

ಯಂತ್ರವೊಂದೇ ಆದರೂ ಅದರಿಂದ ಎಷ್ಟು ಭಿನ್ನವಾದ ಕಾರ್ಯಗಳು ನಡೆದುವೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುವೆನು. ಜೆಮಿನಿ ಸ್ಟುಡಿಯೋದ ಎಸ್. ಎಸ್. ವಾಸನ್ ಅವರು ಹಲವು ವರ್ಷಗಳ ಶ್ರಮದಿಂದ ಸಿದ್ಧಪಡಿಸಿ ೧೯೪೮ರ ಏಪ್ರಿಲ್ ೯ರಂದು ಪ್ರಕಟಿಸಿದ ಚಂದ್ರಲೇಖಾ ಮೊದಲನೆಯದು. ಅದರ ನಗಾರಿನೃತ್ಯದಲ್ಲಿ ನೂರಾರು ನರ್ತಕಿಯರು ಭಾರಿ ನಗಾರಿಗಳ ಮೇಲೆ ಕುಣಿಯುತ್ತಾರೆ. ಅನಂತರ ಅವುಗಳ ಒಳಗಿನಿಂದ ಯೋಧರು ಹೊರಬಿದ್ದು ಕಾಳಗವಾಗುತ್ತದೆ. ದೂರದ ದೃಶ್ಯವನ್ನೂ ಸಮೀಪದ ಹೆಜ್ಜೆಯನ್ನೂ ತಾಳಕ್ಕೆ ಹೊಂದಿಸಿ ಪೋಣಿಸಿರುವ ಆ ಭಾಗವು ನೇಪಥ್ಯಸಂಗೀತದಿಂದ ಬಿಡುಗಡೆ ಹೊಂದಿದ ಕತ್ತರಿಯ ವಿಜಯವೆನ್ನಬಹುದು.

ಎರಡನೆಯದು ಎ.ವಿ.ಎಂ. ಸಂಸ್ಥೆಗಾಗಿ ಎಸ್. ಬಾಲಚಂದರ್ ನಿರ್ದೇಶಿಸಿದ ಅಂದ ನಾಳ್ (೧೯೫೪). ವೀಣಾವಿದ್ವಾಂಸರೆಂದು ಲೋಕವೇ ಅರಿತ ಬಾಲಚಂದರ್ ಅವರು ಈ ಚಿತ್ರದಲ್ಲಿ ಒಂದು ಹಾಡನ್ನೂ ಇಡಲಿಲ್ಲವೆಂಬುದು ಗಮನಾರ್ಹ. ೧೯೪೩ರಲ್ಲಿ ಮದರಾಸಿನ ಮೇಲೆ ಜಪಾನೀಯರ ಬಾಂಬು ಬಿದ್ದ ಮರುದಿನ ನಡೆದ ಒಂದು ಕೊಲೆಯ ಸುತ್ತ ಒಬ್ಬೊಬ್ಬರೂ ತಮಗೆ ತೋರಿದ ಬಗೆಯಲ್ಲಿ ಹೇಳುವ ಕಥೆ ಅದು. ಎಸ್. ಸೂರ್ಯ ಇದರ ಸಂಕಲನಕಾರರು. ಒಂದು ಘಟನೆಯನ್ನು ಹಲವರ ದೃಷ್ಟಿಯಿಂದ ಮತ್ತೆ ಮತ್ತೆ ಹೇಳುವಾಗ ಯಾವುದನ್ನು ಪುನರುಕ್ತಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯೇ ಕಥನವಾಗುತ್ತದೆ. ಹಾಡಿನ ಆಸರೆಯಿಲ್ಲದೆ ಸಂಕಲನವು ತಮಿಳಿನಲ್ಲಿ ಪೂರ್ಣಭಾರವನ್ನು ಹೊತ್ತುದಕ್ಕೆ ಇದು ಉತ್ತಮ ನಿದರ್ಶನ.

೫. ಕಾಂತಧ್ವನಿ, ಅಂಟುಪಟ್ಟಿ, ಮೇಜುಯಂತ್ರ

೧೯೫೦ರ ಬಳಿಕ ಮೂರು ಸುಧಾರಣೆಗಳು ಕ್ರಮೇಣ ಬಂದುವು. ಮೊದಲನೆಯದಾಗಿ, ಬೆಳಕಿನಿಂದ ಅಚ್ಚಾಗುತ್ತಿದ್ದ ಧ್ವನಿಯ ಬದಲು ಕಾಂತಲೇಪವುಳ್ಳ ಟೇಪು ಬಂದಿತು. ಅದನ್ನು ತೊಳೆಯಬೇಕಾಗಿಲ್ಲ, ಆಗಲೇ ಕೇಳಿ, ಬೇಡವಾದರೆ ಅಳಿಸಬಹುದು. ಎರಡನೆಯದಾಗಿ, ಅಂಟುದ್ರಾವಣದ ಬದಲು ಪಾರದರ್ಶಕವಾದ ಅಂಟುಪಟ್ಟಿಯಿಂದ ಕೆಲಸದ ಪ್ರತಿಯನ್ನು ಜೋಡಿಸುವ ಸಾಧನವು ಬಂದಿತು. ಇಟಲಿಯ ಸಂಕಲನಕಾರ ಲಿಯೋ ಕಟೋಜೋ ರೂಪಿಸಿದ ಯಂತ್ರವು ಇದರಲ್ಲಿ ಪ್ರಸಿದ್ಧ. ಪಟ್ಟಿಯನ್ನು ಕಿತ್ತರೆ ಫ್ರೇಮು ಇದ್ದಂತೆಯೇ ಸಿಕ್ಕುತ್ತದೆ. ಸಂಕಲನಕಾರನು ಕತ್ತರಿಸಿ, ನೋಡಿ, ಮನಸ್ಸು ಬದಲಾಯಿಸಬಹುದೆಂಬ ಸ್ವಾತಂತ್ರ್ಯವು ಇಲ್ಲಿ ಮೊದಲು ದೊರೆಯಿತು. ಮೂರನೆಯದಾಗಿ, ಜರ್ಮನಿಯ ಸ್ಟೀನ್‌ಬೆಕ್ ಮುಂತಾದ ಮೇಜುಯಂತ್ರಗಳು ಬಂದುವು. ಇವುಗಳಲ್ಲಿ ಸುರುಳಿಗಳು ಅಡ್ಡಲಾಗಿ ಮಲಗಿರುತ್ತವೆ, ಫಿಲ್ಮು ತಡೆಯಿಲ್ಲದೆ ಹರಿಯುತ್ತದೆ, ತೆರೆಯು ದ್ವಿಗುಣಿತವಾಗಿ ದೊಡ್ಡದು.

೧೯೭೦ರ ದಶಕದಲ್ಲಿ ತಮಿಳು ಚಿತ್ರವು ಸ್ಟುಡಿಯೋದ ಗೋಡೆಗಳನ್ನು ಬಿಟ್ಟು ಹಳ್ಳಿಗೆ ನಡೆಯಿತು. ೧೯೭೭ರ ಭಾರತಿರಾಜ ಅವರ ಪದಿನಾರು ವಯದಿನಿಲೇ ಮೈಸೂರು, ಕೊಳ್ಳೇಗಾಲಗಳ ಕಡೆಯ ಬಯಲಿನಲ್ಲಿ ಚಿತ್ರಿತವಾದುದು. ಹೊರಾಂಗಣಕ್ಕೆ ಹೊತ್ತೊಯ್ಯಬಹುದಾದ ಹಗುರ ಕ್ಯಾಮೆರಾಗಳು ಗರಗರ ಸದ್ದು ಮಾಡುತ್ತಿದ್ದುವು. ಸ್ಥಳದಲ್ಲಿ ಹಿಡಿದ ಧ್ವನಿಯು ಉಪಯೋಗಕ್ಕೆ ಬರುತ್ತಿರಲಿಲ್ಲ. ಆದುದರಿಂದ ಚಿತ್ರದ ತುಣುಕುಗಳನ್ನು ಕುಣಿಕೆಯಂತೆ ಕಟ್ಟಿ ಮತ್ತೆ ಮತ್ತೆ ಓಡಿಸುತ್ತ, ನಟರು ತೆರೆಯ ಮುಂದೆ ನಿಂತು ಮಾತನ್ನು ಪುನಃ ಹೇಳುವ ಪದ್ಧತಿಯು ಸಾರ್ವತ್ರಿಕವಾಯಿತು. ಅದರ ಪರಿಣಾಮವಾಗಿ ಸಂಬಂಧವು ತಿರುಗುಮುರುಗಾಯಿತು: ೧೯೩೦ರ ದಶಕದಲ್ಲಿ ಬಿಂಬವು ಧ್ವನಿಯನ್ನು ಅನುಸರಿಸಿತು, ಈಗ ಸಂಕಲಿತವಾದ ಬಿಂಬವನ್ನು ಧ್ವನಿಯು ಅನುಸರಿಸತೊಡಗಿತು.

ಈ ಸ್ವಾತಂತ್ರ್ಯವನ್ನು ಪೂರ್ಣವಾಗಿ ಬಳಸಿಕೊಂಡವರಲ್ಲಿ ಬಿ. ಲೆನಿನ್, ವಿ. ಟಿ. ವಿಜಯನ್ ಜೋಡಿಯು ಗಣ್ಯವಾದುದು. ಮಣಿರತ್ನಂ ಅವರ ಪ್ರಥಮ ಚಿತ್ರವಾದ ಕನ್ನಡದ ಪಲ್ಲವಿ ಅನುಪಲ್ಲವಿಗೆ (೧೯೮೩) ಲೆನಿನ್ ಅವರೇ ಸಂಕಲನಕಾರರು. ಅವರ ನಾಯಕನ್ (೧೯೮೭) ಚಿತ್ರವನ್ನು ಈ ಇಬ್ಬರೂ ಕೂಡಿ ಸಂಕಲಿಸಿದರು. ಅದರಲ್ಲಿ ಒಬ್ಬ ಮನುಷ್ಯನ ಬಾಲ್ಯದಿಂದ ವಾರ್ಧಕ್ಯದವರೆಗಿನ ಕಾಲವು ದಾಟುವ ರೀತಿಯನ್ನು ಗಮನಿಸಿದರೆ, ಹಿಂದೆ ಫಲಕವು ಮಾಡುತ್ತಿದ್ದ ಅರ್ಥೋಪಕ್ಷೇಪದ ಕೆಲಸವನ್ನು ಛೇದವೊಂದೇ ಮಾಡಲು ಕಲಿತಿರುವುದು ತಿಳಿಯುತ್ತದೆ. ೧೯೯೪ರ ಕಾದಲನ್ ಚಿತ್ರಕ್ಕಾಗಿ ಈ ಜೋಡಿಗೂ, ೧೯೯೫ರ ಬಾಂಬೆ ಚಿತ್ರಕ್ಕಾಗಿ ಕನ್ನಡ ಚಿತ್ರರಂಗದಲ್ಲಿಯೂ ಹೆಸರಾದ ಸುರೇಶ್ ಅರಸ್ ಅವರಿಗೂ ರಾಷ್ಟ್ರಪ್ರಶಸ್ತಿಯು ದೊರೆಯಿತು.

೬. ಗಣಕಯಂತ್ರ

೧೯೮೯ರಲ್ಲಿ ಅಮೆರಿಕದಲ್ಲಿ ಆವಿಡ್ ಎಂಬ ಕಂಪ್ಯೂಟರ್ ಸಂಕಲನವ್ಯವಸ್ಥೆಯು ಮಾರಾಟಕ್ಕೆ ಬಂದಿತು. ಚೆನ್ನೈಯ ರಿಯಲ್ ಇಮೇಜ್ ಸಂಸ್ಥೆಯು ಅದನ್ನು ಭಾರತಕ್ಕೆ ತಂದಿತು. ೧೯೯೪ರಲ್ಲಿ ತೆರೆಕಂಡ ಕಮಲ್ ಹಾಸನ್ ಅವರ ಮಹಾನದಿಯನ್ನು ಆವಿಡ್ ಬಳಸಿದ ಮೊದಲ ಭಾರತೀಯ ಚಿತ್ರವೆಂದು ಹೇಳುತ್ತಾರೆ, ಎನ್. ಪಿ. ಸತೀಶ್ ಅದರ ಸಂಕಲನಕಾರರು.

ಈ ಬದಲಾವಣೆಯ ಸ್ವರೂಪವನ್ನು ಸ್ಪಷ್ಟವಾಗಿ ತಿಳಿಯತಕ್ಕದ್ದಿದೆ. ನೆಗೆಟಿವನ್ನು ವೀಡಿಯೋ ಆಗಿ ಪರಿವರ್ತಿಸಿ ಕಂಪ್ಯೂಟರಿನ ಡಿಸ್ಕಿನಲ್ಲಿ ತುಂಬುತ್ತಾರೆ. ಅನಂತರ ಸಂಕಲನಕಾರನು ಯಾವ ವಸ್ತುವನ್ನೂ ಕತ್ತರಿಸುವುದಿಲ್ಲ. ಇಂಥ ತುಣುಕಿನ ಇಂಥ ಫ್ರೇಮಿನಿಂದ ಇಂಥ ಫ್ರೇಮಿನವರೆಗೆ ತೋರಿಸು, ಬಳಿಕ ಇಂಥದಕ್ಕೆ ಹೋಗು ಎಂಬ ಆಜ್ಞೆಗಳ ಪಟ್ಟಿಯೇ ಅವನ ಕೃತಿ. ಮಧ್ಯದಲ್ಲಿ ಹತ್ತು ಫ್ರೇಮುಗಳನ್ನು ಸೇರಿಸಿದರೆ ಮುಂದಿನದೆಲ್ಲ ತಾನಾಗಿಯೇ ಸರಿದುಕೊಳ್ಳುತ್ತದೆ. ಒಂದೇ ದೃಶ್ಯಕ್ಕೆ ಹತ್ತು ಪಾಠಗಳನ್ನು ಸಿದ್ಧಪಡಿಸಿ ಹತ್ತನ್ನೂ ಇಟ್ಟುಕೊಳ್ಳಬಹುದು. ಆದರೆ ಆರಂಭದ ವರ್ಷಗಳಲ್ಲಿ ಚಿತ್ರಮಂದಿರಕ್ಕೆ ಹೋಗಬೇಕಾದುದು ಫಿಲ್ಮೇ ಆದುದರಿಂದ ಕೊನೆಗೆ ಆ ಪಟ್ಟಿಯನ್ನನುಸರಿಸಿ ನೆಗೆಟಿವಿಗೆ ಕತ್ತರಿಯನ್ನು ಹಾಕಲೇಬೇಕಾಗಿತ್ತು. ಫಿಲ್ಮಿನ ವೇಗ ಸೆಕೆಂಡಿಗೆ ೨೪, ನಮ್ಮ ದೇಶದ ವೀಡಿಯೋ ವೇಗ ೨೫. ಈ ಒಂದರ ಅಂತರವನ್ನು ಸರಿಯಾಗಿ ಲೆಕ್ಕವಿಡದಿದ್ದರೆ ಮಾತು ತುಟಿಯಿಂದ ಜಾರುತ್ತಿತ್ತು. ಹಳೆಯ ಶಾಲೆಯ ನೆಗೆಟಿವ್ ಕತ್ತರಿಸುವವರ ನೈಪುಣ್ಯವು ಆದುದರಿಂದ ಕೆಲಕಾಲ ಹೊಸ ಯಂತ್ರದ ಬದಿಯಲ್ಲಿಯೇ ಬದುಕಿತು.

ಬಳಿಕ ಅದೂ ನಿಂತಿತು. ೨೦೦೫ರ ಮುಂಬೈ ಎಕ್ಸ್‌ಪ್ರೆಸ್ ಚಿತ್ರವನ್ನು ಡಿಜಿಟಲ್ ಕ್ಯಾಮೆರಾದಿಂದಲೇ ತೆಗೆದರು. ಬಣ್ಣವನ್ನು ಕಂಪ್ಯೂಟರಿನಲ್ಲಿ ತಿದ್ದುವುದು, ರಿಯಲ್ ಇಮೇಜ್ ರೂಪಿಸಿದ ಕ್ಯೂಬ್ ಮೊದಲಾದ ವ್ಯವಸ್ಥೆಗಳಿಂದ ಫಿಲ್ಮಿಲ್ಲದೆ ಪ್ರದರ್ಶಿಸುವುದು ಒಂದೊಂದಾಗಿ ರೂಢಿಗೆ ಬಂದುವು. ಫ್ಯೂಜಿ ಸಂಸ್ಥೆಯು ೨೦೧೩ರಲ್ಲಿ ಚಿತ್ರೀಕರಣದ ಫಿಲ್ಮಿನ ತಯಾರಿಕೆಯನ್ನು ಕೈಬಿಟ್ಟಿತು. ಅಂಚಿನ ಅಂಕಿಗಳು, ಮೇಣದ ಪೆನ್ಸಿಲು, ಚೀಲದ ಪೆಟ್ಟಿಗೆ ಇವೆಲ್ಲ ವಸ್ತುಸಂಗ್ರಹಾಲಯಕ್ಕೆ ಯೋಗ್ಯವಾದುವು.

ಛೇದವು ಅಗ್ಗವಾದುದರ ಪರಿಣಾಮವು ಶೈಲಿಯಲ್ಲಿ ಕಾಣಿಸಿಕೊಂಡಿತು. ಶ್ರೀಕರ ಪ್ರಸಾದ್ ಸಂಕಲಿಸಿದ ಅಲೈಪಾಯುದೇ (೨೦೦೦) ಭೂತವರ್ತಮಾನಗಳನ್ನು ಹೆಣೆದು ನಡೆಯುತ್ತದೆ. ಅವರಿಗೆ ೨೦೦೨ರ ಕನ್ನತ್ತಿಲ್ ಮುತ್ತಮಿಟ್ಟಾಲ್ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿಯು ಬಂದಿತು. ಆಂಟನಿಯವರು ಕಾಕ್ಕ ಕಾಕ್ಕ (೨೦೦೩) ಚಿತ್ರದಿಂದ ಮೊದಲುಗೊಂಡು ಕ್ಷಣಕ್ಷಣಕ್ಕೆ ಬಿಂಬವು ಬದಲಾಗುವ ತೀವ್ರಗತಿಯನ್ನು ಜನಪ್ರಿಯವಾಗಿ ಮಾಡಿದರು. ಆದರೆ ಯಂತ್ರದ ವೇಗವೇ ಶೈಲಿಯ ವೇಗವೆಂದು ತಿಳಿಯುವುದು ಪ್ರಮಾದ. ೨೦೧೦ರ ಆಡುಕಳಂ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದ ಟಿ. ಇ. ಕಿಶೋರ್ ಅವರು ೨೦೧೫ರಲ್ಲಿ ಅಕಾಲಮರಣವನ್ನು ಹೊಂದಿದರು. ಅವರು ಕೊನೆಗೆ ಕೈಹಾಕಿದ ವಿಸಾರಣೈ ಚಿತ್ರಕ್ಕಾಗಿ ಮರಣಾನಂತರ ಮತ್ತೊಮ್ಮೆ ಆ ಪ್ರಶಸ್ತಿಯು ಸಂದಿತು. ಆ ಚಿತ್ರವು ನೋವಿನ ಎದುರು ಕಣ್ಣು ತೆಗೆಯದೆ ನಿಲ್ಲುತ್ತದೆ. ಎಲ್ಲಿ ಕತ್ತರಿಸಬಾರದೆಂಬ ಅರಿವೂ ಸಂಕಲನವೇ.

ಇಲ್ಲಿ ಒಂದು ತುಲನೆಯು ಉಪಯುಕ್ತ. ಅಂದ ನಾಳ್ ಬಂದ ಐವತ್ತು ವರ್ಷಗಳ ತರುವಾಯ, ೨೦೦೪ರಲ್ಲಿ, ಕಮಲ್ ಹಾಸನ್ ಅವರ ವಿರುಮಾಂಡಿಯು ಪ್ರಕಟವಾಯಿತು. ಇದರಲ್ಲಿಯೂ ಒಂದೇ ವೃತ್ತಾಂತವನ್ನು ಇಬ್ಬರು ಕೈದಿಗಳು ಪರಸ್ಪರವಿರುದ್ಧವಾಗಿ ಹೇಳುತ್ತಾರೆ. ೧೯೫೪ರಲ್ಲಿ ಇಂಥ ಕಥನಕ್ಕೆ ಪ್ರತಿಯೊಂದು ಪುನರುಕ್ತಿಯೂ ಅಡಿಗಳಲ್ಲಿ ಎಣಿಸಿದ ವೆಚ್ಚವಾಗಿತ್ತು. ೨೦೦೪ರಲ್ಲಿ ಒಂದೇ ದೃಶ್ಯದ ಎರಡು ಪಾಠಗಳನ್ನು ಅಕ್ಕಪಕ್ಕದಲ್ಲಿಟ್ಟು ತೂಗಿನೋಡುವುದು ಸುಲಭಸಾಧ್ಯ. ಇನ್ನೂ ಒಂದು ವಿಶೇಷವುಂಟು: ಈ ಚಿತ್ರದಲ್ಲಿ ಮಾತನ್ನು ಚಿತ್ರೀಕರಣದ ಸ್ಥಳದಲ್ಲಿಯೇ ಹಿಡಿದರು. ೧೯೩೦ರ ದಶಕದಲ್ಲಿ ಬಂಧನವಾಗಿದ್ದುದು ಈಗ ಬುದ್ಧಿಪೂರ್ವಕವಾಗಿ ಆಯ್ದುಕೊಂಡ ನಿಯಮವಾಯಿತು. ೨೦೨೨ರ ಆರ್. ಪಾರ್ತಿಬನ್ ಅವರ ಇರವಿನ್ ನಿಳಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಂದುಮುಂದಾಗಿ ಚಲಿಸುವ ಕಥೆಯನ್ನು ಒಂದೇ ಅಖಂಡ ಷಾಟಿನಲ್ಲಿ ಹೇಳಿತು. ಕತ್ತರಿಗೆ ಯಾವ ತಡೆಯೂ ಇಲ್ಲದ ಕಾಲದಲ್ಲಿ ಕತ್ತರಿಯನ್ನು ತ್ಯಜಿಸುವುದೇ ವ್ರತವಾದುದು ವಿಚಾರಾರ್ಹ.

೭. ಪಾಠಶೋಧನೆಯ ಸಮಸ್ಯೆ

ಇನ್ನು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಹಿಂದಿರುಗೋಣ. ಸಂಕಲನಕಾರನ ತ್ಯಾಗಕ್ಕೆ ಸಾಕ್ಷ್ಯವೆಲ್ಲಿದೆ? ಮೂಕಚಿತ್ರಗಳ ಕಾಲದಲ್ಲಿ ಕೃತಿಯೇ ಉಳಿಯಲಿಲ್ಲ. ಆರಂಭದ ವಾಕ್ಚಿತ್ರಗಳಲ್ಲಿ ಅನೇಕವುಗಳಿಗೆ ಇಂದು ಉಳಿದಿರುವುದು ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಪಾಟ್ಟುಪ್ಪುಸ್ತಗಂ, ಎಂದರೆ ಹಾಡಿನ ಪುಸ್ತಕ. ಅದರಿಂದ ಹಾಡನ್ನೂ ಕಥಾಸಾರವನ್ನೂ ತಿಳಿಯಬಹುದು. ಬಿಂಬದಿಂದ ಬಿಂಬಕ್ಕೆ ಹೋದ ರೀತಿಯನ್ನು ತಿಳಿಯಲಾಗದು. ಮೂವಿಯೋಲಾ ಕಾಲದ ಚಿತ್ರಗಳು ಹಲವು ಉಳಿದಿವೆ. ಚೀಲದ ಪೆಟ್ಟಿಗೆಯಲ್ಲಿ ತೂಗುತ್ತಿದ್ದ ತ್ಯಕ್ತಭಾಗಗಳು ಉಳಿದಿಲ್ಲ. ಉಳಿದ ಪ್ರತಿಗಳೂ ಎಷ್ಟೋ ವೇಳೆ ಶುದ್ಧವಲ್ಲ. ಪ್ರದರ್ಶಕರು ಆಟದ ವೇಳೆಗೆ ಹೊಂದಿಸಲು ಹಾಡುಗಳನ್ನು ತೆಗೆದದ್ದುಂಟು. ಸವೆದೆಡೆಯಲ್ಲಿ ಹರಿದು ಅಂಟಿಸಿದ್ದುಂಟು.

ಹೀಗಿರಲಾಗಿ, ಕತ್ತರಿಸಿದ ಭಾಗಗಳ ಕ್ರಮಬದ್ಧವಾದ ಲಿಖಿತ ದಾಖಲೆಯನ್ನು ಇಟ್ಟವನಾರೆಂದು ಹುಡುಕಿದರೆ ಸಿಕ್ಕುವವನು ಸೆನ್ಸಾರ್ ಅಧಿಕಾರಿ! ಇಂಥ ರೀಲಿನಲ್ಲಿ ಇಂಥ ದೃಶ್ಯವನ್ನು ಇಷ್ಟು ಉದ್ದ ತೆಗೆಯತಕ್ಕದ್ದೆಂಬ ವಿವರವು ಪ್ರಮಾಣಪತ್ರದ ಭಾಗವಾಗಿಯೇ ನಮೂದಾಗುತ್ತಿತ್ತು. ಕಲೆಗಾಗಿ ಮಾಡಿದ ತ್ಯಾಗಕ್ಕೆ ಟಿಪ್ಪಣಿಯಿಲ್ಲ, ನಿಷೇಧಕ್ಕಾಗಿ ಮಾಡಿದ ಛೇದಕ್ಕೆ ಟಿಪ್ಪಣಿಯುಂಟು. ತಮಿಳು ಚಲಚ್ಚಿತ್ರದ ಪಾಠಾಂತರಗಳನ್ನು ಸಂಗ್ರಹಿಸಬಯಸುವ ಸಂಶೋಧಕನು ಹಾಡಿನ ಪುಸ್ತಕವನ್ನೂ ಸೆನ್ಸಾರ್ ಪಟ್ಟಿಯನ್ನೂ ಉಳಿದ ಪ್ರತಿಗಳ ಅಡಿಯಳತೆಯನ್ನೂ ಒಂದರೊಡನೊಂದು ಹೋಲಿಸಿ ಮುಂದುವರಿಯಬೇಕಾಗಿದೆ.

ಇಂದಿನ ಸ್ಥಿತಿಯು ಮೇಲ್ನೋಟಕ್ಕೆ ಇದಕ್ಕೆ ವಿರುದ್ಧ. ಯಾವುದನ್ನೂ ಎಸೆಯಬೇಕಾಗಿಲ್ಲ, ಪ್ರತಿಯೊಂದು ಪಾಠವೂ ಡಿಸ್ಕಿನಲ್ಲಿರಬಹುದು. ಆದರೆ ಚಿತ್ರವು ಬಿಡುಗಡೆಯಾದ ಮೇಲೆ ಆ ಡಿಸ್ಕನ್ನು ಅಳಿಸಿ ಮುಂದಿನ ಚಿತ್ರಕ್ಕೆ ಬಳಸುವುದು ವ್ಯವಹಾರದೃಷ್ಟಿಯಿಂದ ಸಹಜ. ಅಳಿಸದಿದ್ದರೂ ಕೆಲವು ವರ್ಷಗಳಲ್ಲಿ ತಂತ್ರಾಂಶವು ಬದಲಾಗಿ ಹಳೆಯ ಸಂಕಲನಪಟ್ಟಿಯನ್ನು ತೆರೆಯುವವರಿಲ್ಲದಾಗುತ್ತದೆ. ಓಲೆಗೆ ಗೆದ್ದಲು ಹತ್ತಿದರೆ ಅರ್ಧವಾದರೂ ಓದಬಹುದು. ಡಿಸ್ಕಿಗೆ ಕೇಡು ಬಂದರೆ ಅರ್ಧವೂ ಉಳಿಯದಿರಬಹುದು. ಹಿಂದೆ ಛೇದವು ದುಬಾರಿಯಾಗಿದ್ದುದರಿಂದ ನಿರ್ಣಯಗಳು ವಿರಳವಾಗಿದ್ದು ನಷ್ಟವಾದುವು. ಈಗ ಅದು ಅಗ್ಗವಾಗಿರುವುದರಿಂದ ನಿರ್ಣಯಗಳು ಅಸಂಖ್ಯವಾಗಿದ್ದು ನಷ್ಟವಾಗುತ್ತಿವೆ. ಫಲ ಒಂದೇ.

ಆದುದರಿಂದ ಎರಡು ಸೂಚನೆಗಳನ್ನು ವಿದ್ವಾಂಸರ ಮುಂದಿಡುತ್ತೇನೆ. ಒಂದನೆಯದು, ಚಲಚ್ಚಿತ್ರವನ್ನು ಕುರಿತು ಬರೆಯುವವರು ಯಾವ ಪ್ರತಿಯನ್ನು, ಎಷ್ಟು ನಿಮಿಷಗಳದ್ದನ್ನು ನೋಡಿದೆವೆಂಬುದನ್ನು ಗ್ರಂಥದ ಆವೃತ್ತಿಯನ್ನು ಹೇಳುವಂತೆ ಹೇಳತಕ್ಕದ್ದು. ಎರಡನೆಯದು, ಸಂಗ್ರಹಾಲಯಗಳು ಪೂರ್ಣಗೊಂಡ ಚಿತ್ರದೊಡನೆ ಸಂಕಲನಪಟ್ಟಿಯನ್ನೂ ಮುಖ್ಯವಾದ ತ್ಯಕ್ತಭಾಗಗಳನ್ನೂ ಓದಲು ಬರುವ ರೂಪದಲ್ಲಿ ಪಡೆದು ರಕ್ಷಿಸತಕ್ಕದ್ದು. ಹಳೆಯ ಸಂಕಲನಶಾಲೆಗಳಲ್ಲಿ ಫಿಲ್ಮನ್ನು ಮುಟ್ಟಿ ಕೆಲಸ ಮಾಡಿದವರಲ್ಲಿ ಕೆಲವರಿನ್ನೂ ನಮ್ಮೊಡನಿದ್ದಾರೆ. ಅವರಿಂದ ಕೇಳಿ ಬರೆದಿಡುವ ಕಾರ್ಯಕ್ಕೆ ವಿಳಂಬವು ಸಲ್ಲದು. ಓಲೆಗಳನ್ನು ಅರಸಿ ಊರೂರು ತಿರುಗಿದ ಉ. ವೇ. ಸ್ವಾಮಿನಾಥ ಅಯ್ಯರ್ ಅವರ ಶ್ರಮದಿಂದಲೇ ಹಳೆಯ ತೊಗೈಗಳಲ್ಲಿ ಹಲವು ನಮಗೆ ಓದಲು ದಕ್ಕಿದುವು. ಈ ಹೊಸ ತೊಗುಪ್ಪಿಗೂ ಅಂಥ ಪರಿಶ್ರಮಿಗಳು ಬೇಕಾಗಿದ್ದಾರೆ.